ಅವ್ವ ಹೊಲಿದ ಪುಕ್ಕದ ರಜಾಯಿ

ರಜೆ ಮುಗಿಸಿ ನನ್ನ ತಮ್ಮ ರೈಲು ಹತ್ತಿದ ಮರುದಿನ, ಕೊಟ್ಟೂರಿನ ನಮ್ಮ ಮನೆಯ ಪಡಸಾಲೆ ಗುಡಿಸುತ್ತಿದ್ದೆ. ಪೊರಕೆಗೆ ಬಿಳಿಯ ತುಪ್ಪಳ ಸಿಕ್ಕಿಕೊಂಡಿತು. ಅರಳೆಯಲ್ಲ, ಅದಕ್ಕಿಂತ ಹಗುರ. ಉಸಿರು ಬಿಟ್ಟರೂ ಹಾರುತ್ತಿತ್ತು. ಮಂಚದ ಕೆಳಗೂ ಅದೇ, ದೇವರ ಗೂಡಿನ ಮುಂದೂ ಅದೇ.

ತಮ್ಮ ಸೇನೆಯಲ್ಲಿ ಲಾರಿ ಓಡಿಸುತ್ತಾನೆ, ಹಿಮ ಬೀಳುವ ಗುಡ್ಡಗಳಲ್ಲಿ. ಅಲ್ಲಿಯ ಬಜಾರಿನಲ್ಲಿ ಕೊಂಡ ಬಾತುಕೋಳಿ ಪುಕ್ಕದ ರಜಾಯಿಯನ್ನು ಈ ಸಲ ತಂದಿದ್ದ. ಅಂಚು ಹರಿದಿತ್ತು, ಹೊಲಿದು ಕೊಡು ಎಂದು ಅವ್ವನ ಮುಂದಿಟ್ಟ. ಕೌದಿ ಹೊಲಿಯುವುದರಲ್ಲಿ ಒಂದು ಕಾಲಕ್ಕೆ ನಮ್ಮ ಓಣಿಗೇ ಅವ್ವನ ಕೈ ಮುಂದು. ಅವಳು ರಜಾಯಿಯನ್ನು ಒತ್ತಿ ನೋಡಿ ಮುಖ ಸಿಂಡರಿಸಿದಳು.

"ಏನಪ್ಪಾ ಇದು, ಒಳಗ ಬರೇ ಗಾಳಿ ಐತಿ. ನಿನಗ ಟೋಪಿ ಹಾಕ್ಯಾರ ನೋಡು."

ಹರಿದ ಅಂಚು ಹೊಲಿದು ಅಷ್ಟಕ್ಕೇ ಬಿಡಲಿಲ್ಲ. ಪುಕ್ಕ ಒಂದೇ ಕಡೆ ಗುಡ್ಡೆಯಾಗಬಾರದೆಂದು ಈ ತುದಿಯಿಂದ ಆ ತುದಿಗೆ, ಕೌದಿಯ ಹಾಗೆ ಒತ್ತೊತ್ತಾಗಿ ಸಾಲು ಹಾಕಿದಳು. ಉಬ್ಬಿಕೊಂಡಿದ್ದ ರಜಾಯಿ ಹಪ್ಪಳದಂತೆ ಚಪ್ಪಟೆಯಾಯಿತು. ನಾನೂ ಜಾಣೆಯಂತೆ, ಈಗ ಚೆಂದ ಕಾಣುತ್ತದೆ ಎಂದಿದ್ದೆ.

ಪೊರಕೆ ಮೂಲೆಗಿಟ್ಟು, ಪುಕ್ಕದ ರಜಾಯಿಯ ಬಗ್ಗೆ ಮೊಬೈಲಿನಲ್ಲಿ ಹುಡುಕಿದೆ. ಹಕ್ಕಿಯ ಎದೆಯ ತುಪ್ಪಳಕ್ಕೆ ಗರಿಗಿರುವಂತೆ ದಂಟು ಇರುವುದಿಲ್ಲವಂತೆ. ಅದು ಅರಳಿಕೊಂಡು ಗಾಳಿಯನ್ನು ಹಿಡಿದಿಡುತ್ತದೆ, ಮೈ ಬೆಚ್ಚಗಿಡುವುದು ಆ ಗಾಳಿಯೇ. ಅದಕ್ಕೆ ಜಾಗ ಬೇಕೆಂದೇ ಮೇಲಿನ ಬಟ್ಟೆಗೂ ಕೆಳಗಿನ ಬಟ್ಟೆಗೂ ನಡುವೆ ಬಟ್ಟೆಯದೇ ಸಣ್ಣ ಗೋಡೆ ನಿಲ್ಲಿಸಿ, ಚೌಕಾಬಾರದ ಮನೆಗಳಂತೆ ಮನೆ ಮಾಡಿರುತ್ತಾರೆ. ಎರಡೂ ಬಟ್ಟೆ ಸೇರಿಸಿ ಹೊಲಿದುಬಿಟ್ಟರೆ ಆ ಸಾಲಿನುದ್ದಕ್ಕೂ ಚಳಿ ನುಗ್ಗುತ್ತದೆ. ನೇಯ್ಗೆ ಅಷ್ಟು ಒತ್ತಾಗಿರುವುದೂ ತುಪ್ಪಳ ಸೋರಬಾರದೆಂದು. ಅವ್ವನ ಸೂಜಿ ಅದರ ತುಂಬ ತೂತು ಮಾಡಿತ್ತು.

ತಮ್ಮನ ಫೋನ್ ಹತ್ತಲಿಲ್ಲ. ದಿನಗಳು ಕಳೆದರೂ ಹತ್ತಲಿಲ್ಲ. ಟಿವಿಯಲ್ಲಿ ಹಿಮ ತೋರಿಸಿದರೆ ಎದ್ದುಹೋಗಿ ಬಂದ್ ಮಾಡುತ್ತಿದ್ದೆ. ನಿನ್ನ ಹೊಲಿಗೆಯಿಂದ ಮಗ ನಡುಗುತ್ತಿದ್ದಾನೆ ಎಂದು ಹೆತ್ತವಳಿಗೆ ಯಾವ ಬಾಯಿಂದ ಹೇಳುವುದು?

"ಯಾಕ, ಕಾಲು ಸುಟ್ಟ ಬೆಕ್ಕಿನಂಗ ಅಡ್ಡಾಡಾಕತ್ತೀಯಲ್ಲ?" ಎಂದು ಅವ್ವ ಕೇಳಿದಳು. ತಲೆನೋವು ಎಂದೆ.

ಕೊನೆಗೆ ಅವನೇ ಫೋನ್ ಮಾಡಿದ. ಹಿತ್ತಲಿಗೆ ಓಡಿದೆ.

"ಲೇ ತಮ್ಮಾ, ಆ ರಜಾಯಿ ಕೆಟ್ಟೈತೋ. ಅದನ್ನ ನಂಬಿಕೊಂಡು ಮಲಗಬ್ಯಾಡ."

"ಗೊತ್ತೈತಿ ಬಿಡಕ್ಕಾ. ಅವ್ವ ಎರಡನೇ ಸಾಲು ಹಾಕೋವಾಗ್ಲೇ ಗೊತ್ತಾತು."

ನನಗೆ ಸಿಟ್ಟು ನೆತ್ತಿಗೇರಿತು. "ಮತ್ತ ಬ್ಯಾಡ ಅನ್ನಾಕ ನಿನಗ ಬಾಯಿ ಇದ್ದಿದ್ದಿಲ್ಲೇನು?"

"ಅಪ್ಪ ಸತ್ತ ಮ್ಯಾಲೆ ಅವ್ವ ಸೂಜಿ ಮುಟ್ಟಿದ್ಳೇನಕ್ಕಾ? ಅವತ್ತು ಹೊಲಕೋತ ಹಾಡು ಹೇಳಾಕತ್ತಿದ್ಳು. ಹೆಂಗ ತಡಿಲಿ?"

ಆ ಹಾಡು ನನ್ನ ಕಿವಿಗೂ ಬಿದ್ದಿತ್ತು. ದಿನವೂ ಅವಳ ಜೊತೆಗೇ ಇರುವ ನನಗೆ ಅದು ಹಾಡು ಎನ್ನುವುದಷ್ಟೇ ತಿಳಿದಿತ್ತು.

"ಚಳಿ?" ಎಂದೆ.

"ಆಗ್ತೈತಿ. ಮಿಲ್ಟ್ರಿಯವರು ಕೊಟ್ಟ ಬ್ಯಾರೆ ಕಂಬಳಿ ಅದಾವು. ಅವ್ವಗ ಹೇಳಬ್ಯಾಡ."

ಅಷ್ಟರಲ್ಲಿ ಅವ್ವ ಹಿಂದಿನಿಂದ ಬಂದು ಫೋನ್ ಕಸಿದುಕೊಂಡಳು.

"ಬೆಚ್ಚಗ ಆಗ್ತೈತಿಲ್ಲೋ ಯಪ್ಪಾ? ನಾ ಹೇಳಿದ್ದಿಲ್ಲೇನು? ಮುಂದಿನ ಸಲ ನಿನ್ನ ದೋಸ್ತರ ರಜಾಯೀನೂ ತಗೊಂಬಾ, ಅಷ್ಟೂ ಹೊಲಿದು ಕೊಡ್ತೀನಿ."

"ಹೂನವ್ವಾ, ತರ್ತೀನಿ" ಎಂದು ಅವನು ಹೇಳಿದ್ದು ನನಗೂ ಕೇಳಿಸಿತು.