ಜಲಜಕ್ಕನ ಹಿತ್ತಲು

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಕಟ್ಟಡದ ಲಿಫ್ಟಿನಲ್ಲಿ ನನ್ನ ಮಹಡಿ ಬಿಟ್ಟು ಬೇರೆ ಮಹಡಿಯಲ್ಲಿ ಇಳಿದೆ. ಇದೇನು ಮಹಾ ಎಂದುಕೊಳ್ಳಬೇಡಿ. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ನಾನು. ಇಂದಿಗೂ ನಾಲ್ಕೂ ಮುಕ್ಕಾಲಿಗೆ ಏಳುತ್ತೇನೆ, ಹಾಸಿಗೆಯ ಚಾದರದ ನಾಲ್ಕೂ ಮೂಲೆ ಮಡಚಿ ಸಿಕ್ಕಿಸುತ್ತೇನೆ, ಮೊಳಕೈತನಕ ಕೈ ತೊಳೆಯುತ್ತೇನೆ. ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ಚೀಟಿ ಇದೆ, ಸಕ್ಕರೆ ಡಬ್ಬಿಯ ಮೇಲೂ. ಅದರೊಳಗೆ ಸಕ್ಕರೆ ಬಿಟ್ಟು ಬೇರೇನು ಇರಲು ಸಾಧ್ಯ ಎಂದು ನೋಡಿದವರು ನಗುತ್ತಾರೆ. ನಗಲಿ. ಇಂಥವಳು ಮೂರನೆಯ ಮಹಡಿಯ ಬದಲು ಐದನೆಯದರಲ್ಲಿ ಇಳಿದು, ಅಪರಿಚಿತ ಹುಡುಗಿಯೊಬ್ಬಳ ಬೆನ್ನು ಹತ್ತಿ ಅವಳ ಮನೆಯ ಬಾಗಿಲಿನವರೆಗೆ ಹೋಗಿಬಿಟ್ಟೆ.

ಅವಳು ತಿರುಗಿ ನೋಡಿ, "ಆಜೀ, ತುಮ್ಚಾ ಮಜಲಾ ಖಾಲೀಚ್ ರಾಹಿಲಾ ಕೀ!" ಎಂದಳು. ಅಜ್ಜಿ, ನಿಮ್ಮ ಮಹಡಿ ಕೆಳಗೇ ಉಳಿಯಿತಲ್ಲ, ಎಂದು. ಅವಳ ಕೈಯಲ್ಲಿ ಒಂದು ಕುಂಡ, ಕುಂಡದಲ್ಲಿ ದೊಡ್ಡಪತ್ರೆ. ಲಿಫ್ಟಿನ ಬಾಗಿಲಿಗೆ ತಗುಲಿ ಒಂದು ಎಲೆ ಮುರಿದಿತ್ತು. ಆ ವಾಸನೆ ನನ್ನನ್ನು ಎರಡು ಮಹಡಿ ಮೇಲಕ್ಕೆ ಎಳೆದು ತಂದಿತ್ತು. ಇದರಿಂದ ಭಜಿ ಮಾಡುತ್ತೇವೆ ಎಂದು ಹುಡುಗಿ ಮರಾಠಿಯಲ್ಲಿ ವಿವರಿಸುತ್ತಿದ್ದಳು. ನಾನು ತಲೆಯಾಡಿಸಿ ಮೆಟ್ಟಿಲಿಳಿದು ಬಂದೆ. ಆ ದಿನದ ಚಹಾ ಹನ್ನೆರಡು ನಿಮಿಷ ತಡವಾಯಿತು.

ಜಲಜಕ್ಕನ ಮಾತು ನಾನು ಯಾರ ಹತ್ತಿರವೂ ಆಡಿದವಳಲ್ಲ. ನಿಮ್ಮ ಹತ್ತಿರ ಆಡುತ್ತೇನೆ.

ಇಪ್ಪತ್ತು ವರ್ಷಕ್ಕೂ ಹಿಂದೆ ಪುಣೆಯ ಖಡಕಿಯಲ್ಲಿ ಎಂಟು ಮನೆಗಳ ಒಂದು ಚಾಳಿನಲ್ಲಿ ಇದ್ದೆ. ವಿಜಯಪುರದ ಕಡೆಯಿಂದ ನರ್ಸಿಂಗ್ ಕಲಿಯಲು ಪುಣೆಗೆ ಬಂದವಳು ಇಲ್ಲೇ ಕೆಲಸ ಹಿಡಿದೆ, ಮದುವೆಯ ಗೋಜಿಗೆ ಹೋಗಲಿಲ್ಲ. ವರ್ಷಗಟ್ಟಲೆ ಮೆಸ್ಸಿನ ಊಟ. ಒಂದು ಕೋಣೆ ಸಿಕ್ಕ ಮೇಲೆ ನಾನೇ ಬೇಯಿಸಿಕೊಳ್ಳತೊಡಗಿದೆ. ಗೋಡೆಯ ಮೇಲೆ ವಾರದ ಪಟ್ಟಿ ಅಂಟಿಸಿದ್ದೆ: ಸೋಮವಾರ ಬದನೆಕಾಯಿ, ಮಂಗಳವಾರ ಹೆಸರುಬೇಳೆ, ಬುಧವಾರ ಮೆಂತ್ಯದ ಪಲ್ಯ. ಮೆಂತ್ಯ ಬಾಡಿದ್ದರೂ ಬುಧವಾರ ಬುಧವಾರವೇ.

ಪಕ್ಕದ ಮನೆಗೆ ಕುಂದಾಪುರದ ಕಡೆಯವರು ಬಂದರು. ಗಂಡ ಸ್ಟೇಷನ್ ರಸ್ತೆಯಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದರು, ಮಗಳು ಊರಿನಲ್ಲಿ ಅಜ್ಜಿಯ ಮನೆಯಲ್ಲಿ ಓದುತ್ತಿದ್ದಳು. ಹೆಂಡತಿ ಜಲಜಕ್ಕ ಬಂದ ಮೂರನೆಯ ದಿನವೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಹಿಂದಿನ ಖಾಲಿ ಜಾಗದಲ್ಲಿ ಅಗೆಯಲು ನಿಂತರು. ಜಾಗವೆಂದರೆ ಎಷ್ಟು? ನಾಲ್ಕು ಮಂಚ ಹಾಕಿದರೆ ತುಂಬೀತು. ನಾನು ಜಾಗವನ್ನು ಮಂಚಗಳಲ್ಲೇ ಅಳೆಯುವುದು. ಬಚ್ಚಲಿನ ನೀರು ಹೋಗಿ ಸೇರುವ ಕಡೆ ಬಸಳೆಯ ಚಪ್ಪರ, ಅದರ ನೆರಳಿಗೆ ಒಂದೆಲಗ, ಬಿಸಿಲಿನ ಕಡೆ ಕೆಂಪು ಹರಿವೆ, ಬೆಂಡೆ, ಮೊಳದುದ್ದದ ಅಲಸಂಡೆ. ಬಾಗಿಲ ಪಕ್ಕದಲ್ಲಿ ದೊಡ್ಡಪತ್ರೆ, ಕರಿಬೇವು. ಯಾವುದೂ ಸಾಲಿನಲ್ಲಿ ಇರಲಿಲ್ಲ. ನನಗೆ ಅದನ್ನು ನೋಡಿದರೆ ಕೈ ತುರಿಸುತ್ತಿತ್ತು.

ಅವರ ಅಡುಗೆಯ ಕ್ರಮ ನನಗೆ ಬಹುಕಾಲ ಅರ್ಥವಾಗಲಿಲ್ಲ. ಮೊದಲು ಒಲೆಯ ಮೇಲೆ ಅಕ್ಕಿ ಇಡುವುದು. ಆಮೇಲೆ ಕತ್ತಿ ಹಿಡಿದು ಹಿತ್ತಲಿಗೆ ಹೋಗುವುದು. ಅನ್ನ ಬೇಯುವಷ್ಟರಲ್ಲಿ ಏನು ಕಣ್ಣಿಗೆ ಬಿತ್ತೋ ಅದೇ ಆ ದಿನದ ಅಡುಗೆ. ಎಪ್ರಿಲ್ ತಿಂಗಳ ಬಿಸಿಲಿನಲ್ಲಿ ಬೆಳಗಿನ ಪಾಳಿ ಮುಗಿಸಿ ಎರಡೂವರೆಗೆ ಬರುತ್ತಿದ್ದ ನಾನು ಕುತ್ತಿಗೆ ಒರೆಸಿಕೊಳ್ಳುತ್ತ ಕೇಳುತ್ತಿದ್ದೆ.

"ಇವತ್ತ ಏನ್ ಅಡಗಿರಿ, ಜಲಜಕ್ಕ?"

"ನಂಗೆಂತ ಗೊತ್ತು ಮಾರಾಯ್ರೆ? ಹಿತ್ಲಿಗೆ ಹೋಗಿ ಕೇಳ್ಬೇಕಷ್ಟೆ."

"ಒಲಿ ಮ್ಯಾಲ ಅನ್ನ ಇಟ್ಟೀರಿ, ಇನ್ನೂ ಪಲ್ಯಾ ಯಾವ್ದಂತ ಗೊತ್ತಿಲ್ಲಾ?"

"ನಿಮ್ಮ ಗೋಡೆ ಮೇಲಿನ ಪಟ್ಟಿ ನಮ್ಮ ಬೆಂಡೆಗೆ ಓದ್ಲಿಕ್ಕೆ ಬರುದಿಲ್ಲ ಸಿಸ್ಟ್ರೆ. ಇವತ್ತು ಬುಧವಾರ ಅಂತ ಅದಕ್ಕೆ ಯಾರು ಹೇಳುದು?"

ಚಾಳಿನವರೆಲ್ಲ ನನ್ನನ್ನು ಸಿಸ್ಟರ್ ಎನ್ನುತ್ತಿದ್ದರು. ಅವರ ಬಾಯಲ್ಲಿ ಮಾತ್ರ ಅದು ಯಾವುದೋ ಸಂಬಂಧದ ಹೆಸರಿನಂತೆ ಕೇಳುತ್ತಿತ್ತು.

ಮೊದಲ ಬೇಸಿಗೆಯಲ್ಲಿ ಅವರು ಗೋಡೆಯ ಮೇಲಿಂದ ಒಂದು ಬಟ್ಟಲು ತಂಬುಳಿ ಕೊಟ್ಟರು. ದೊಡ್ಡಪತ್ರೆಯನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿ ಹಾಕಿ ರುಬ್ಬಿ, ತಣ್ಣಗಿನ ಮಜ್ಜಿಗೆಯಲ್ಲಿ ಕದಡಿದರೆ ಆಯಿತು. ನಮ್ಮ ಕಡೆ ಇದನ್ನು ಕಂಡವರಿಲ್ಲ. ಬೇಸಿಗೆ, ಹೊರಗಿನ ಮಜ್ಜಿಗೆ, ಹಸಿರು ಬಣ್ಣ. ನನ್ನ ತರಬೇತಿ ಸುಮ್ಮನಿರಲಿಲ್ಲ. ಒಲೆ ಹಚ್ಚಿ ಐದು ನಿಮಿಷ ಗಡಿಯಾರ ನೋಡಿ ಕುದಿಸಿದೆ. ಒಂದು ಕಡೆ ನೀರು, ಇನ್ನೊಂದು ಕಡೆ ಗಂಟು. ಅದನ್ನೇ ತಿಂದೆ. ಸಂಜೆ ಬಟ್ಟಲಿನಲ್ಲಿ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಟ್ಟು ಮರಳಿಸುತ್ತ, "ಛಲೋ ಇತ್ತ್ರಿ. ಸ್ವಲ್ಪ ಒಡದಿತ್ತು" ಎಂದೆ.

"ಒಡೆದಿತ್ತಾ? ಎಂತ ಮಾಡಿದ್ರಿ ಅದಕ್ಕೆ?"

"ಕುದಿಸಿದೆ."

ಜಲಜಕ್ಕ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಒಳಗಿದ್ದ ಗಂಡನನ್ನು ಕೂಗಿದರು. "ಹ್ವಾಯ್, ಕೇಳಿದ್ರಾ? ಸಿಸ್ಟ್ರು ತಂಬುಳಿಗೆ ಜ್ವರ ಬರ್ಸಿದ್ರಂತೆ!"

ಅಂದಿನಿಂದ ಬೇಸಿಗೆಯ ಮಧ್ಯಾಹ್ನಗಳಲ್ಲಿ ನನ್ನ ಊಟ ಅವರ ಮನೆಯಲ್ಲೇ. ನನ್ನ ಕೈಯಿಂದ ಮತ್ತೇನಾದರೂ ಕುದಿದೀತು ಎಂಬ ಭಯವೂ ಅವರಿಗಿತ್ತೇನೋ. ಹೋಟೆಲಿನಲ್ಲಿ ಇಡೀ ದಿನ ಎಣ್ಣೆಯ ಹೊಗೆಯಲ್ಲಿ ನಿಂತ ಗಂಡನಿಗೆ ಮನೆಯಲ್ಲಿ ಸಾದಾ ಊಟವೇ ಆಗಬೇಕು. ಕುಚ್ಚಲಕ್ಕಿ ಗಂಜಿ, ತಂಬುಳಿ, ಆಗಷ್ಟೇ ಕೊಯ್ದ ಅಲಸಂಡೆಗೆ ಉಪ್ಪು, ತೆಂಗಿನತುರಿ ಬಿಟ್ಟು ಬೇರೇನೂ ಹಾಕದ ಪಲ್ಯ. ಹರಿವೆಯ ದಂಟಿನ ಕೆಂಪು ಅನ್ನಕ್ಕೆ ಹತ್ತಿ ತಟ್ಟೆಯ ಅಂಚಿನವರೆಗೆ ಹರಿಯುತ್ತಿತ್ತು. ಹಿಂಬಾಗಿಲು ತೆರೆದಿರುತ್ತಿತ್ತು. ನೀರು ಚಿಮುಕಿಸಿದ ಮಣ್ಣಿನ ಮೇಲಿಂದ ಬರುವ ಗಾಳಿ ಚಪ್ಪರ ದಾಟಿ ಒಳಗೆ ಬರುವಷ್ಟರಲ್ಲಿ ತಂಪಾಗಿರುತ್ತಿತ್ತು. ನಾನು ಅಲ್ಲೇ ಗೋಡೆಗೊರಗಿ ಹತ್ತು ನಿಮಿಷ ಕಣ್ಣು ಮುಚ್ಚುತ್ತಿದ್ದೆ. ನನ್ನ ದಿನಚರಿಯಲ್ಲಿ ಎಲ್ಲೂ ಬರೆಯದೆ ಇದ್ದದ್ದು ಆ ಹತ್ತು ನಿಮಿಷ ಮಾತ್ರ. ಆ ಮೇಲೆ ಎಷ್ಟೋ ಕಡೆ ಫ್ಯಾನಿನ ಕೆಳಗೆ, ಕೂಲರಿನ ಮುಂದೆ ಮಲಗಿದ್ದೇನೆ. ಅಂಥ ನಿದ್ದೆ ಬಂದಿಲ್ಲ.

ಇಷ್ಟು ಹೇಳಿದವಳು ಮುಂದಿನದನ್ನೂ ಹೇಳಬೇಕು.

ಒಂದು ಮಳೆಗಾಲದಲ್ಲಿ ಚಾಳಿನ ಎರಡು ಮನೆಗಳಲ್ಲಿ ಡೆಂಗಿ ಬಂತು. ಇಬ್ಬರೂ ಗುಣವಾದರು, ಜ್ವರವೇ ಬಾರದ ನಾನು ಮಾತ್ರ ಗುಣವಾಗಲಿಲ್ಲ. ಟಾರ್ಚು ಹಿಡಿದು ಸೊಳ್ಳೆಯ ಮರಿ ಹುಡುಕುತ್ತ ತಿರುಗಿದೆ. ಸಿಕ್ಕಿದ್ದು ಕೊನೆಯ ಮನೆಯವರ ಕೂಲರಿನಲ್ಲಿ. ಹಿತ್ತಲಿನಲ್ಲಿ ಒಂದೂ ಸಿಗಲಿಲ್ಲ. ಆದರೂ ಹಸಿ ಮಣ್ಣು, ಬಚ್ಚಲ ನೀರು, ಸಾಲು ತಪ್ಪಿದ ಗಿಡ. ನನ್ನ ಕಣ್ಣಿಗೆ ಅಪರಾಧಿಯಂತೆ ಕಂಡದ್ದು ಅದೇ. ಎಲ್ಲ ಮನೆಯವರೂ ಒಪ್ಪಿದರೆ ಹಿಂದಿನ ಜಾಗಕ್ಕೆ ಕಾಂಕ್ರೀಟು ಹಾಕಿಸುತ್ತೇನೆ ಎಂದು ಮಾಲೀಕರು ಹೇಳಿದ್ದರು.

ಮರುವರ್ಷ ಮೇ ತಿಂಗಳಲ್ಲಿ ಜಲಜಕ್ಕ, ಹೋಟೆಲಿಗೆ ಬೀಗ ಹಾಕಿದ ಗಂಡನ ಜೊತೆ, ಒಂದು ತಿಂಗಳ ಮಟ್ಟಿಗೆ ಊರಿಗೆ ಹೊರಟರು. ಹೊರಡುವಾಗ ಹಿತ್ತಲನ್ನು ನನಗೆ ಒಪ್ಪಿಸಿದರು.

"ಬೆಳಿಗ್ಗೆ ಒಂದು ಬಾಲ್ದಿ, ಸಂಜೆ ಒಂದು ಬಾಲ್ದಿ. ಬಸಳೆಗೆ ಒಂದು ಚೂರು ಜಾಸ್ತಿ. ನಿಮ್ಮ ಕೈಯಲ್ಲಿ ಕೊಟ್ರೆ ನಂಗೆ ಚಿಂತೆ ಇಲ್ಲ ಸಿಸ್ಟ್ರೆ."

ಹನ್ನೊಂದು ದಿನ ನಾನು ತಪ್ಪದೆ ನೀರು ಹಾಕಿದೆ. ಹನ್ನೆರಡನೆಯ ದಿನ ಅರ್ಜಿ ಬರೆದೆ. ಮರಾಠಿಯಲ್ಲಿ, ನನ್ನ ದುಂಡು ಅಕ್ಷರದಲ್ಲಿ. ಏಳು ಸಹಿ ಆದವು. ಎಂಟನೆಯ ಮನೆಯ ಮುಂದೆ, "ಊರಿಗೆ ಹೋಗಿದ್ದಾರೆ, ಸಮ್ಮತಿ ಇದೆ" ಎಂದು ನಾನೇ ಬರೆದೆ. ಅವರಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ, ಬರುವಷ್ಟರಲ್ಲಿ ಎಲ್ಲ ಚೊಕ್ಕಟವಾಗಿರಲಿ ಎಂದು ಆಗ ನಿಜವಾಗಿ ನಂಬಿದ್ದೆ. ಐದು ಎಣ್ಣೆ ಡಬ್ಬಿಗಳಿಗೆ ಗಿಡ ಕಿತ್ತು ನೆಟ್ಟೆ, ಹೆಸರಿನ ಚೀಟಿ ಹಚ್ಚಿದೆ, ಹೊಸ ಕಾಂಕ್ರೀಟಿನ ಮೇಲೆ ಅಳತೆ ಹಿಡಿದು ಸಾಲಾಗಿ ಇಟ್ಟೆ. ಮೇ ತಿಂಗಳ ಕಾಂಕ್ರೀಟು ಕಾವಲಿಯಂತೆ ಕಾಯುತ್ತದೆ. ವಾರದಲ್ಲಿ ಐದೂ ಒಣಗಿದವು. ಚೀಟಿಗಳು ಮಾತ್ರ ಉಳಿದವು.

ಜಲಜಕ್ಕ ಊರಿನಿಂದ ಬಿತ್ತನೆಗೆಂದು ಸೌತೆಬೀಜ ತಂದಿದ್ದರು. ಸೀರೆಯ ತುಂಡಿನಲ್ಲಿ ಕಟ್ಟಿದ ಆ ಗಂಟನ್ನು ಕೈಯಲ್ಲಿ ಹಿಡಿದುಕೊಂಡೇ ಹಿಂಬಾಗಿಲು ತೆರೆದರು. ಬಾಗಿ ಒಂದು ಡಬ್ಬಿಯ ಚೀಟಿ ಓದಿದರು. ಆಮೇಲೆ, "ಚಂದ ಆಯ್ತು. ಗುಡಿಸ್ಲಿಕ್ಕೆ ಸುಲಭ" ಎಂದರು. ಅಷ್ಟೇ. ಗಂಟನ್ನು ಬಿಚ್ಚಲಿಲ್ಲ.

ಜಗಳವಾಡಿದ್ದರೆ ಉತ್ತರ ಸಿದ್ಧವಿತ್ತು. ಅವರು ಆಡಲಿಲ್ಲ. ಎದುರಾದರೆ ನಗುತ್ತಿದ್ದರು, ಡ್ಯೂಟಿ ಆಯ್ತಾ ಎಂದು ಕೇಳುತ್ತಿದ್ದರು. ಊಟಕ್ಕೆ ಮಾತ್ರ ಕರೆಯಲಿಲ್ಲ. ನಾಲ್ಕು ತಿಂಗಳ ಮೇಲೆ ಗಂಡ ಭೋರ್‌ನಲ್ಲಿ ಹೋಟೆಲು ಹಿಡಿದರು, ಮನೆ ಖಾಲಿಯಾಯಿತು. ಸ್ವಾರಗೇಟಿನಲ್ಲಿ ಬಸ್ಸು ಹತ್ತಿದರೆ ಭೋರ್ ಎರಡು ಗಂಟೆಯ ದಾರಿ. ಆ ದಾರಿ ಹಿಡಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಪ್ರತಿ ಬೇಸಿಗೆಯಲ್ಲಿ ನಾನೇ ತಂಬುಳಿ ಮಾಡಿ ನೋಡಿದ್ದೇನೆ, ಕುದಿಸದೆ, ಅವರ ಕ್ರಮದಲ್ಲೇ. ಮಾರುಕಟ್ಟೆಯ ಸೊಪ್ಪು, ಫ್ರಿಜ್ಜಿನ ಮಜ್ಜಿಗೆ. ಎಲ್ಲ ಸರಿಯಾಗಿರುತ್ತದೆ, ಆದರೆ ಅರ್ಧ ಬಟ್ಟಲಿನ ಮೇಲೆ ಇಳಿಯುವುದಿಲ್ಲ.

ಲಿಫ್ಟಿನ ಘಟನೆ ನಡೆದ ಮೇಲಿನ ಮೊದಲ ಭಾನುವಾರ ಏಳರ ಬಸ್ಸು ಹತ್ತಿದೆ. ಭೋರ್‌ನ ಪೇಟೆಯಲ್ಲಿ ಉಡುಪಿಯ ಕಡೆಯವರ ಹೋಟೆಲು ಯಾವುದೆಂದು ಕೇಳಿದರೆ ಸಾಕಾಯಿತು. ಗಲ್ಲಾದ ಮೇಲಿದ್ದ ಅವರ ಅಳಿಯ ಹೋಟೆಲಿನ ಹಿಂದಿದ್ದ ಮನೆ ತೋರಿಸಿದ. ಗಂಡ ತೀರಿಕೊಂಡ ಮೇಲೆ ಜಲಜಕ್ಕ ಮಗಳು ಅಳಿಯನ ಜೊತೆಗಿದ್ದಾರೆ. ಅಂಗಳದಲ್ಲಿ ಕಾಲು ನೀಡಿ ಕೂತು ಹರಿವೆ ಸೋಸುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ತಲೆಯೆತ್ತಿದರು.

"ಎಂತ ಸಿಸ್ಟ್ರೆ, ದಾರಿ ತಪ್ಪಿತಾ?"

ಬಸ್ಸಿನಲ್ಲಿ ನಾನು ಎಲ್ಲವನ್ನೂ ಕ್ರಮವಾಗಿ ಜೋಡಿಸಿಕೊಂಡಿದ್ದೆ, ಪಾಳಿ ಬದಲಾಗುವಾಗ ವರದಿ ಒಪ್ಪಿಸುವಂತೆ. ಚಪ್ಪಲಿಯನ್ನೂ ಬಿಡದೆ ಅಂಗಳದಲ್ಲಿ ನಿಂತೇ ಹೇಳಿದೆ. "ಜಲಜಕ್ಕ, ನಿಮ್ಮ ಹಿತ್ತಲದಾಗ ಸೊಳ್ಳಿ ಇರ್ಲಿಲ್ರಿ. ನಾ ನೋಡಿದ್ದೆ. ನಿಮ್ಮ ಸಮ್ಮತಿ ಅದ ಅಂತ ಆ ಅರ್ಜಿ ಮ್ಯಾಲ ನಾನಽ ಬರದೆ. ಭಾಳ ತಪ್ಪಾತ್ರಿ."

ಅವರು ಒಂದು ದಂಟು ಸೋಸಿ ಮುಗಿಸಿದರು. "ಗೊತ್ತುಂಟು" ಎಂದರು.

"ಗೊತ್ತಿತ್ತಾ?"

"ಮಾಲೀಕರು ಕಾಗದ ತೋರ್ಸಿದ್ರಲ್ಲ. ಮುತ್ತಿನಂಥ ಅಕ್ಷರ ನಿಮ್ದು, ಗುರ್ತ ಸಿಗ್ಲಿಕ್ಕಿಲ್ವಾ? ನಾಲ್ಕು ತಿಂಗಳು ಪಕ್ಕದಲ್ಲೇ ಇದ್ದೆ ಮಾರಾಯ್ರೆ. ಇವತ್ತು ಬಂದು ಹೇಳ್ತಾರೆ, ನಾಳೆ ಬಂದು ಹೇಳ್ತಾರೆ ಅಂತ ಕಾದೆ. ಅನ್ನಕ್ಕೆ ಒಂದು ಹಿಡಿ ಅಕ್ಕಿ ಹೆಚ್ಚೇ ಹಾಕ್ತಿದ್ದೆ."

ಮೂವತ್ತೈದು ವರ್ಷ ಸಾವು ನೋವು ನೋಡಿದವಳು ಅಂಗಳದಲ್ಲಿ ನಿಂತು ಮೂಗು ಒರೆಸಿಕೊಂಡೆ. ಗೋಡೆಯ ಆಚೆ ನಾನು ಗೋಡೆಯ ಪಟ್ಟಿ ನೋಡಿ ಬೇಯಿಸಿಕೊಂಡು ತಿನ್ನುತ್ತಿದ್ದಾಗ, ಈಚೆ ನನ್ನ ಪಾಲಿನ ಅನ್ನ ಆಗುತ್ತಲೇ ಇತ್ತು.

"ಸಿಟ್ಟ ಐತೇನ್ರಿ ಇನ್ನೂ?"

"ಉಂಟು. ಸುಳ್ಳೆಂತಕ್ಕೆ ಹೇಳುದು? ಚಪ್ಪಲಿ ಬಿಟ್ಟು ಕೂತ್ಕೊಳ್ಳಿ, ಈ ಸೊಪ್ಪು ಸೋಸಿ. ಒಲೆ ಮೇಲೆ ಅನ್ನ ಇಟ್ಟಾಗಿದೆ."

ಆ ದಿನ ಅಲ್ಲಿಯ ಹಿತ್ತಲಿನ ಹರಿವೆ, ಗಂಜಿ, ಎಳೆ ಬೆಂಡೆಯ ಪಲ್ಯ. ಎರಡರ ಬಸ್ಸಿಗೆ ಹೊರಡುತ್ತೇನೆ ಎಂದುಕೊಂಡಿದ್ದೆ. ಉಂಡು ಗೋಡೆಗೊರಗಿದವಳಿಗೆ ಎಚ್ಚರವಾದಾಗ ನಾಲ್ಕು. ಮುಂದಿನ ಭಾನುವಾರವೂ ಹೋದೆ. ಆ ಮುಂದಿನದೂ.

ಮೊನ್ನೆ ನಾಲ್ಕನೆಯ ಬಾರಿ ಹೋಗಿದ್ದೆ. ಊಟದ ಮೇಲೆ ಕೈ ತೊಳೆಯುತ್ತ ಕೇಳಿದೆ. "ಸಿಟ್ಟ ಇನ್ನಾ ಎಷ್ಟು ಉಳದದ, ಜಲಜಕ್ಕ?"

ಅವರು ತಮಾಷೆ ಮಾಡಲಿಲ್ಲ. ಹಿತ್ತಲನ್ನು ಒಮ್ಮೆ ಆ ತುದಿಯಿಂದ ಈ ತುದಿಯವರೆಗೆ ನೋಡಿ ನಿಜವಾಗಿಯೂ ಲೆಕ್ಕ ಹಾಕಿದರು. "ಹರಿವೆ ಮುಗಿಯುವಾಗ ಅಲಸಂಡೆ ಬಿಡ್ತದೆ. ಮಳೆ ಬಿದ್ರೆ ಸೌತೆ. ಸೌತೆ ಮುಗಿಯುವವರೆಗಂತೂ ಉಂಟು ಸಿಸ್ಟ್ರೆ. ಆ ಮೇಲೆ ಕಾಣುವ."

ಭಾನುವಾರ ಸಂಜೆಯ ಬಸ್ಸು, ಕೂರಲು ಜಾಗ ಸಿಗಲಿಲ್ಲ. ಸ್ವಾರಗೇಟಿನವರೆಗೆ ಕಂಬಿ ಹಿಡಿದು ನಿಂತೇ ಬಂದೆ. ನನಗಿಂತ ಸುಖವಾಗಿ ಆ ಬಸ್ಸಿನಲ್ಲಿ ಯಾರೂ ಬಂದಿರಲಿಕ್ಕಿಲ್ಲ. ಸೌತೆ ಮುಗಿಯುವವರೆಗಿನ ಭಾನುವಾರಗಳೆಲ್ಲ ನನ್ನವೇ ಆಗಿದ್ದವು. ದಾರಿಯುದ್ದಕ್ಕೂ ಮಳೆ ತಡವಾಗಲಿ, ಸೌತೆ ಬಹಳ ದಿನ ಕಾಯಿ ಬಿಡಲಿ ಎಂದು ಬೇಡಿಕೊಳ್ಳುತ್ತಿದ್ದೆ.