ಮಡಚದ ಬೆರಳಿಗೊಂದು ಮಾಸಾಶನ

ಬಾಳಗಡಿಯ ನನ್ನ ಟೈಲರಿಂಗ್ ಅಂಗಡಿಯಲ್ಲಿ ಒಂದು ಬೆಳಿಗ್ಗೆ ಕತ್ತರಿ ಹಿಡಿದೆ. ಬೆರಳು ಮಡಚಲಿಲ್ಲ. ಗೆಣ್ಣುಗಳು ಊದಿಕೊಂಡಿದ್ದವು. ಥಂಡಿಗಿರಬೇಕು ಎಂದು ಬಿಸಿನೀರಲ್ಲಿ ಕೈ ಅದ್ದಿ ಕೂತೆ. ಮಧ್ಯಾಹ್ನಕ್ಕೆ ಸರಿಹೋಯಿತು. ಮರುದಿನ ಮತ್ತೆ ಅದೇ.

ಕೊಪ್ಪದ ಡಾಕ್ಟರು ರಕ್ತದ ರಿಪೋರ್ಟ್ ನೋಡಿ, "ರುಮಟಾಯ್ಡ್ ಆರ್ಥ್ರೈಟಿಸ್. ಪೂರ್ತಿ ವಾಸಿಯಾಗೋ ಕಾಯಿಲೆ ಅಲ್ಲ. ಹೊಲಿಗೆ ಬಿಡಬೇಕಾಗ್ತದೆ" ಎಂದರು.

ಹೊಲಿಗೆ ಬಿಟ್ಟರೆ ನನಗೆ ಬೇರೇನೂ ಬರುತ್ತಿರಲಿಲ್ಲ.

ಎರಡು ವರ್ಷದಲ್ಲಿ ಬೆರಳುಗಳು ಸೊಟ್ಟಗಾದವು. ಅಂಗಡಿ ಮುಚ್ಚಿದೆ. ಮದುವೆಯಾದವಳಲ್ಲ, ಅಣ್ಣನ ಮನೆಯಲ್ಲಿದ್ದೆ. ಅಲ್ಲಿ ಯಾರೂ ಒಂದು ಮಾತು ಅಂದವರಲ್ಲ. ಆದರೆ ಅಷ್ಟು ವರ್ಷ ದುಡಿದು ತಂದವಳು ಒಂದು ಸೋಪಿಗೂ ಬಾಯಿ ಬಿಟ್ಟು ಕೇಳಬೇಕಲ್ಲ, ಅದು ನೋವಿಗಿಂತ ಹೆಚ್ಚು ಸುಸ್ತು ಮಾಡುತ್ತಿತ್ತು.

ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕು ಎಂದವರು ಅತ್ತಿಗೆ. ತಾಲ್ಲೂಕು ಆಫೀಸಿನಲ್ಲಿ, ಮೊದಲು ಮೆಡಿಕಲ್ ಬೋರ್ಡಿನ ಸರ್ಟಿಫಿಕೇಟ್ ತನ್ನಿ, ಅಂಗವೈಕಲ್ಯ ಶೇಕಡಾ ನಲವತ್ತಕ್ಕೆ ಕಮ್ಮಿಯಿದ್ದರೆ ಆಗುವುದಿಲ್ಲ ಎಂದರು. ಅತ್ತಿಗೆಯ ಜೊತೆ ಮೊದಲ ಬಸ್ಸಿಗೆ ಚಿಕ್ಕಮಗಳೂರಿಗೆ ಹೋದೆ. ಸರದಿ ಬರುವಾಗ ಮಧ್ಯಾಹ್ನ. ಅಷ್ಟರಲ್ಲಿ ಬೆರಳು ಸ್ವಲ್ಪ ಸಡಿಲಗೊಂಡಿತ್ತು. ಬೋರ್ಡಿನ ಡಾಕ್ಟರು ಮುಷ್ಟಿ ಹಿಡಿಯಲು ಹೇಳಿದರು. ಅರ್ಧ ಹಿಡಿದೆ.

"ಕೈ ಆಡ್ತದಲ್ಲಮ್ಮ."

ನಲವತ್ತಕ್ಕಿಂತ ಕಮ್ಮಿ ಬರೆದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತಿಗೆ, "ಮಡಚಲಿಕ್ಕೇ ಆಗಲ್ಲ ಅಂದುಬಿಡಬಾರದಿತ್ತಾ ಮಾರಾಯ್ತಿ" ಎಂದರು. ಕಾಯಿಲೆ ಅನುಭವಿಸುವುದು ಸಾಲದು ಅಂತ, ಕಾಯಿಲೆ ಇದೆ ಎಂದು ನಂಬಿಸುವ ಕೆಲಸ ಬೇರೆ.

ಮರುವರ್ಷ ಅತ್ತಿಗೆಯೇ ಹಟ ಹಿಡಿದು ಮತ್ತೆ ಕರೆದುಕೊಂಡು ಹೋದರು. ಈ ಸಲ ಬೋರ್ಡಿನಲ್ಲಿ ಒಬ್ಬ ಲೇಡಿ ಡಾಕ್ಟರ್ ಇದ್ದರು. "ಮನೇಲಿ ಏನೇನು ಮಾಡ್ಕೋತೀರಿ?" ಎಂದು ಕೇಳಿದರು. ಅತ್ತಿಗೆ ಹೇಳಿದರು: "ಇವಳ ಜಡೆ ನಾನೇ ಹೆಣೆಯೋದು ಡಾಕ್ಟ್ರೇ. ರವಿಕೆ ಹುಕ್ಕು ನಾನೇ ಹಾಕೋದು. ಅರ್ಧ ಬಾಳಗಡಿಗೆ ರವಿಕೆ ಹೊಲಿದುಕೊಟ್ಟವಳು ಇವಳು."

ನಾಲ್ಕು ಜನ ಗಂಡಸರು ಕೂತಿದ್ದ ಕೋಣೆ. ನಾನು ತಲೆ ಎತ್ತಲಿಲ್ಲ. ಡಾಕ್ಟರ್ ಎದ್ದು ಬಂದು, ತಮ್ಮ ಬಿಳಿ ಕೋಟಿನ ಒಂದು ಗುಂಡಿ ಬಿಚ್ಚಿ, "ಇದನ್ನ ಹಾಕಿ ನೋಡುವ" ಎಂದರು. ಹಾಕಲೇಬೇಕು ಅನ್ನಿಸಿತು. ನಿಜವಾಗಿ ಪ್ರಯತ್ನಪಟ್ಟೆ. ಗುಂಡಿ ಬೆರಳ ಸಂದಿಯಿಂದ ಜಾರುತ್ತಲೇ ಇತ್ತು. ಅವರು ಮೆಲ್ಲಗೆ ನನ್ನ ಕೈ ಹಿಡಿದು ಕೆಳಗಿಳಿಸಿದರು.

"ಸಾಕು."

ಸರ್ಟಿಫಿಕೇಟ್ ಸಿಕ್ಕಿತು. ಕೆಲವು ತಿಂಗಳು ಕಳೆದು ಪೋಸ್ಟ್‌ಮ್ಯಾನ್ ಮಾಸಾಶನದ ಮನಿಯಾರ್ಡರ್ ತಂದರು. ಬೆಳಗಿನ ಹೊತ್ತು, ಸಹಿ ಹಾಕಲು ಕೈಯಲ್ಲಿ ಪೆನ್ನು ನಿಲ್ಲಲಿಲ್ಲ. "ಹೆಬ್ಬೆಟ್ಟೂ ನಡೀತದೆ ಅಕ್ಕ" ಎಂದರು. ಎಸ್ಸೆಸ್ಸೆಲ್ಸಿ ಪಾಸಾದ ನಾನು ಹೆಬ್ಬೆಟ್ಟು ಒತ್ತಿದೆ. ಅತ್ತಿಗೆ ಶಾಯಿಯನ್ನು ಸೆರಗಿನಿಂದ ಒರೆಸಿದರು.

ಕೈ ಸುಧಾರಿಸಿಲ್ಲ. ಹಣ ಒಂದೊಂದು ಸಲ ಎರಡು ತಿಂಗಳು ತಡ. ಬಂದ ದಿನ ಔಷಧಿ ಅಂಗಡಿಗೆ ನಾನೇ ನಡೆದು ಹೋಗುತ್ತೇನೆ, ನಿಧಾನಕ್ಕೆ.