ಮನಿ ಬ್ಯಾಡ ಅಂತದ

ಡಾಬಕಾದ ನಮ್ಮ ಮನೆಯಲ್ಲಿ ಹನ್ನೊಂದು ಮಂದಿ ಇದ್ದರೂ ಮಾತು ಹೊರಬೀಳುತ್ತಿದ್ದುದು ಒಂದೇ ಬಾಯಿಂದ, ದೊಡ್ಡಪ್ಪನ ಬಾಯಿಂದ. ಹೆಣ್ಣು ಕೇಳಲು ಬಂದವರಿಗೂ ಗೊಬ್ಬರಕ್ಕೆ ನಮ್ಮ ಹೊಲದಲ್ಲಿ ನಿಮ್ಮ ಕುರಿ ನಿಲ್ಲಿಸಿ ಎಂದು ಬಂದವರಿಗೂ ಅವರು ಹೇಳುತ್ತಿದ್ದುದು ಇಷ್ಟೇ: ಮನಿ ಹೂಂ ಅಂತದ, ಇಲ್ಲವೇ ಮನಿ ಬ್ಯಾಡ ಅಂತದ. ಅಲ್ಲಿಗೆ ಮುಗಿಯಿತು.

ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಹೋದ ಮೇಲಿನ ವರ್ಷಗಳವು. ನಾನು ಔರಾದದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದೆ. ಉರ್ದುವಿನಲ್ಲಿ ಮಗ್ಗಿ ಕಲಿತ ನಮಗೆ ಈಗ ಕನ್ನಡದಲ್ಲಿ ಪಾಠ. ಇಂಗ್ಲಿಷು ಮಾತ್ರ ಮೊದಲಿನಷ್ಟೇ ಕಷ್ಟ. ಇಂಗ್ಲಿಷಿನ ಮಾಸ್ತರರು ಒಂದು ದಿನ ಫ್ಯಾಮಿಲಿ, ಕಮಿಟಿ, ಫ್ಲಾಕ್ ಎಂದು ಹಲಗೆಯ ಮೇಲೆ ಬರೆದರು. ಇವೆಲ್ಲ ಗುಂಪಿನ ಹೆಸರು, ಗುಂಪಿನದು ಒಂದೇ ಮನಸ್ಸಾದರೆ ಮುಂದೆ ‘ಈಸ್’ ಹಚ್ಚಿರಿ, ಒಳಗೆ ಒಬ್ಬೊಬ್ಬರದು ಒಂದೊಂದು ಮನಸ್ಸಾದರೆ ‘ಆರ್’ ಹಚ್ಚಬಹುದು ಎಂದರು. ಹೊರಗಿನಿಂದ ನೋಡಿದರೆ ಒಳಗಿನ ಮನಸ್ಸು ಹೇಗೆ ತಿಳಿಯಬೇಕು ಎಂದು ನಾನು ಜಗಳಕ್ಕೇ ನಿಂತೆ. ಸಿಟ್ಟು ನನಗೆ ಆಗಲೂ ಮೂಗಿನ ತುದಿಯಲ್ಲೇ. ಕೇಳಬೇಕಮ್ಮಾ ಎಂದು ನಕ್ಕು ಅವರು ಮುಂದೆ ಹೋದರು.

ಆ ಬೇಸಿಗೆಯಲ್ಲಿ ಔರಾದದ ಸಾಲೆ ಮುಗಿಯಿತು. ಮುಂದೆ ಓದಬೇಕೆಂದರೆ ಬೀದರ. ಅಲ್ಲಿ ಚಿಕ್ಕಮ್ಮನ ಮನೆಯಿತ್ತು. ಊರಿಗೆ ಬಂದು ದೊಡ್ಡಪ್ಪನಿಗೆ ಹೇಳಿದೆ. ಅವರು ರುಮಾಲು ಸರಿಮಾಡಿಕೊಂಡು, “ಮನಿ ಬ್ಯಾಡ ಅಂತದವ್ವಾ” ಎಂದರು. ನಾನು ಊಟ ಬಿಟ್ಟು ಮುಖ ಊದಿಸಿಕೊಂಡು ಕೂತೆ. ಓದು ಇಲ್ಲಿಗೇ ನಿಂತಿತೆಂದುಕೊಂಡೆ. ಹಸಿವು ಹೆಚ್ಚಾದಾಗ ಮಾಸ್ತರರ ‘ಕೇಳಬೇಕಮ್ಮಾ’ ನೆನಪಾಯಿತು.

ಮರುದಿನ ಉಣ್ಣೆ ಕತ್ತರಿಸುವುದಿತ್ತು. ಕತ್ತರಿ ಆಡಿಸುವವರ ಎದುರು ಒಬ್ಬರು ಕುರಿಯ ಕಾಲು ಹಿಡಿದು ಕೂರಬೇಕು. ಅರ್ಧ ಕತ್ತರಿಸಿದ ಕುರಿಯನ್ನು ಬಿಟ್ಟು ಯಾರೂ ಎದ್ದು ಹೋಗುವಂತಿಲ್ಲ. ಕಾಲು ಹಿಡಿಯುವ ಕೆಲಸ ನಾನೇ ತೆಗೆದುಕೊಂಡೆ. ಬೇಡ ಅಂದವನು ನೀನೇ ಏನು ಎಂದು ಕಾಕಾನನ್ನು ಕೇಳಿದರೆ, ನನ್ನದೇನು ತಕರಾರಿಲ್ಲ, ನಿಮ್ಮಪ್ಪ ಒಲ್ಲೆ ಅಂದಿರಬೇಕು ಎಂದ. ಅಪ್ಪ ತಲೆ ಎತ್ತದೆ, ನಿಮ್ಮವ್ವನಿಗೆ ನೀನಿಲ್ಲದೆ ಆಗುವುದಿಲ್ಲವಲ್ಲ ಎಂದರು. ಉಣ್ಣೆ ಆರಿಸುತ್ತಿದ್ದ ಅವ್ವ, ನಿಮ್ಮಜ್ಜಿ ಬೇಡ ಅಂದಾರೆಂದುಕೊಂಡೆ ಎಂದಳು. ಅಜ್ಜಿ ದೊಡ್ಡಪ್ಪನ ಕಡೆ ಕೈ ತೋರಿಸಿದಳು.

ಕೊನೆಗೆ ದೊಡ್ಡಪ್ಪನ ಎದುರು ಟಗರಿನ ಕಾಲು ಹಿಡಿದು ಕೂತೆ. ಬೇಡ ಅಂದವರು ಯಾರು ಎಂದು ಕೇಳಿದೆ. ಕತ್ತರಿ ನಿಂತಿತು.

“ಯಾರನ್ನೂ ಕೇಳಿಲ್ಲವ್ವಾ. ನಮ್ಮಪ್ಪನೂ ಕೇಳ್ತಿದ್ದಿಲ್ಲ.”

“ಮತ್ತ ನೀವು?”

ಅವರು ಕತ್ತರಿಗೆ ಅಂಟಿದ ಉಣ್ಣೆ ಕೊಡವಿದರು. “ನಾ ಯಾಕ ಬ್ಯಾಡ ಅನ್ನಲಿ? ಮನಿ ಬ್ಯಾಡ ಅಂತದ ಅಂತ ತಿಳ್ಕೊಂಡಿದ್ದೆ.”

ಟಗರಿನ ಇನ್ನೊಂದು ಮಗ್ಗುಲು ಮುಗಿಸಿ ಅವರು ಎದ್ದರು. ಅಂಗಳದಲ್ಲಿ ಒಬ್ಬೊಬ್ಬರ ಮುಂದೆಯೂ ನಿಂತು ಕೇಳುತ್ತ ಬಂದರು. ಅವರು ಹಾಗೆ ಕೇಳಿದ್ದನ್ನು ಅಜ್ಜಿಯೂ ನೋಡಿರಲಿಲ್ಲ. ಎಲ್ಲರೂ ಹೂಂ ಅಂದರು. ಕಡೆಗೆ ಕಾಕಾನ ನಾಲ್ಕು ವರ್ಷದ ಮಗಳ ಮುಂದೆಯೂ ಬಗ್ಗಿದರು. ಅವಳು ನನ್ನ ಲಂಗ ಹಿಡಿದು, “ಅಕ್ಕ ಹೋಗಬಾರದು” ಎಂದು ಅತ್ತಳು.

ಇಡೀ ಮನೆಯಲ್ಲಿ ಬೇಡ ಅಂದವಳು ಅವಳೊಬ್ಬಳೇ. ಬೀದರಿಗೆ ಹೊರಟ ದಿನ ನಾನು ಹಿಂದಿರುಗಿ ನೋಡಿದ್ದೂ ಅವಳೊಬ್ಬಳನ್ನೇ.